ಜೋಡಿ ಒಡಲಿನ ಸಣ್ಣ ಮೋಟಾರು ದೋಣಿಯ ಸ್ವಯಂ ನಿರ್ಮಾಣ: ವಿನ್ಯಾಸ, ಚಾಲನಾ ಶಕ್ತಿ ಹಾಗೂ ನೋಂದಣಿ ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಹಿನ್ನೀರಿನ ಅಂಚಿನಲ್ಲಿ ವಾಸಿಸುವ ಕುಟುಂಬಗಳಿಗೆ ದೋಣಿಯು ಇಂದಿಗೂ ಮನೆಬಳಕೆಯ ಸಾಧನವಾಗಿರುತ್ತದೆ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ ಮತ್ತು ಖೇಟಾ ನದಿಗಳು ಗಂಗೊಳ್ಳಿಯ ಬಳಿ ಕೂಡಿ ಪಂಚಗಂಗಾವಳಿ ಎಂಬ ಹೆಸರಿನಿಂದ ಸಮುದ್ರವನ್ನು ಸೇರುತ್ತವೆ. ದಕ್ಷಿಣಕ್ಕೆ ಸೀತಾ ಮತ್ತು ಸ್ವರ್ಣಾ ನದಿಗಳು ಹಂಗಾರಕಟ್ಟೆ ಹಾಗೂ ಕೋಡಿ ಬೆಂಗ್ರೆಯ ನಡುವೆ ಒಂದೇ ಅಳಿವೆಯಲ್ಲಿ ಕಡಲಿಗೆ ಇಳಿಯುತ್ತವೆ. ಈ ನೀರಿನ ನಡುವೆ ಹರಡಿರುವ ಕುದ್ರುಗಳಲ್ಲಿ ಉಪ್ಪಿನಕುದ್ರುವಿನಂತಹ ಕೆಲವಕ್ಕೆ ಸೇತುವೆಯ ಸಂಪರ್ಕ ದೊರೆತಿದ್ದರೂ, ತೆಂಗಿನಕಾಯಿ, ಹುಲ್ಲು, ಗೊಬ್ಬರ, ಮರಳಿ ಬರುವ ಶಾಲಾ ಮಕ್ಕಳು ಇವೆಲ್ಲವೂ ದೋಣಿಯನ್ನೇ ಅವಲಂಬಿಸಿರುವ ಮನೆಗಳು ಇನ್ನೂ ಇವೆ.

ಇತ್ತೀಚಿನ ವರ್ಷಗಳಲ್ಲಿ ಪ್ಲೈವುಡ್, ಫೈಬರ್ ಮತ್ತು ವಿದ್ಯುತ್ ಮೋಟಾರುಗಳು ಸುಲಭವಾಗಿ ಲಭ್ಯವಿರುವುದರಿಂದ, ಮನೆಯ ಅಂಗಳದಲ್ಲಿಯೇ ಎರಡು ಒಡಲುಗಳ ದೋಣಿಯನ್ನು ನಿರ್ಮಿಸಿಕೊಳ್ಳುವುದು ಸಾಧ್ಯವಾಗಿದೆ. ಇಂತಹ ದೋಣಿಯ ವಿನ್ಯಾಸದ ಮೂಲ ಲೆಕ್ಕಗಳನ್ನು ಹಾಗೂ ನೋಂದಣಿಗೆ ಅರ್ಜಿ ಸಲ್ಲಿಸುವವರು ಗಮನಿಸಬೇಕಾದ ಅಂಶಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಮೊದಲು ನೀರು, ನಂತರ ಭಾರ, ನಂತರ ಒಡಲು, ಕೊನೆಯಲ್ಲಿ ಎಂಜಿನ್ ಎಂಬ ಕ್ರಮದಲ್ಲಿ ನಿರ್ಧಾರ ಕೈಗೊಳ್ಳತಕ್ಕದ್ದು. ಅಗ್ಗವಾಗಿ ದೊರೆತ ಎಂಜಿನ್ನನ್ನು ಮೊದಲು ಕೊಂಡು, ಅದಕ್ಕೆ ತಕ್ಕ ದೋಣಿ ಕಟ್ಟಿ, ಎಲ್ಲವೂ ಮುಗಿದ ಮೇಲೆ ಅರ್ಜಿ ನಮೂನೆ ಹುಡುಕುವುದು ಹಣಕ್ಕೂ ಜೀವಕ್ಕೂ ಹಾನಿ ತರುವ ದಾರಿ.

ಜೋಡಿ ದೋಣಿಯ ಹಿನ್ನೆಲೆ

ಎರಡು ಒಡಲುಗಳ ದೋಣಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕ್ಯಾಟಮರಾನ್ ಎಂಬ ಹೆಸರು ತಮಿಳಿನ 'ಕಟ್ಟುಮರಂ' ಶಬ್ದದಿಂದ ಬಂದುದು. ಆದರೆ ಕೋರಮಂಡಲ ತೀರದ ಕಟ್ಟುಮರವು ದಿಮ್ಮಿಗಳನ್ನು ಒಟ್ಟಾಗಿ ಕಟ್ಟಿದ ತೆಪ್ಪವೇ ಹೊರತು ಎರಡು ಒಡಲಿನ ದೋಣಿಯಲ್ಲ. ಹೆಸರು ಅಲ್ಲಿಂದ, ರೂಪ ಬೇರೆ ಕಡೆಯಿಂದ ಎಂದು ತಿಳಿಯಬಹುದು. ಪಶ್ಚಿಮ ಕರಾವಳಿಗೆ ಹೆಚ್ಚು ಹತ್ತಿರದ ಪೂರ್ವಿಕ ಎಂದರೆ ಎರಡು ದೋಣಿಗಳನ್ನು ಪಕ್ಕಪಕ್ಕಕ್ಕೆ ನಿಲ್ಲಿಸಿ, ಮೇಲೆ ಹಲಗೆ ಹಾಸಿ, ಬಿದಿರಿನ ಕಟಾಂಜನ ಕಟ್ಟಿದ ಕಡವಿನ ಜೋಡಿ ದೋಣಿ. ಕೇರಳದಲ್ಲಿ ಇದಕ್ಕೆ ಜಂಗಾರ್ ಎಂಬ ಹೆಸರಿದ್ದು, ಮದ್ರಾಸ್ ಪ್ರಾಂತ್ಯದ ಆಡಳಿತ ಶಬ್ದಕೋಶದಲ್ಲಿಯೂ ಇದೇ ವರ್ಣನೆ ದಾಖಲಾಗಿದೆ. ನದಿಗಳಿಗೆ ಸೇತುವೆಗಳಾಗುವ ಮೊದಲು ಭಾರವಾದ ಸರಕನ್ನು ಅಲುಗಾಡದಂತೆ ದಾಟಿಸಲು ಕಂಡುಕೊಂಡ ಉಪಾಯವಿದು. ಒಂಟಿ ದೋಣಿಯಲ್ಲಿ ಎತ್ತು ಒಂದು ಹೆಜ್ಜೆ ಸರಿದರೂ ದೋಣಿ ವಾಲುತ್ತದೆ. ಜೋಡಿ ದೋಣಿಯಲ್ಲಿ ವಾಲುವುದಿಲ್ಲ. ಇಂದಿನ ವಿನ್ಯಾಸದ ತತ್ತ್ವವೂ ಅಷ್ಟೇ.

ಆಧುನಿಕ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಕೇರಳದ ವೈಕಂ ಮತ್ತು ತವಣಕಡವು ನಡುವೆ ವೆಂಬನಾಡ್ ಹಿನ್ನೀರಿನಲ್ಲಿ 2017ರ ಜನವರಿಯಲ್ಲಿ ಸಂಚಾರ ಆರಂಭಿಸಿದ 'ಆದಿತ್ಯ' ಎಂಬ ಸೌರಶಕ್ತಿ ದೋಣಿಯು ಫೈಬರಿನ ಎರಡು ಒಡಲುಗಳದ್ದು. 20 ಮೀಟರ್ ಉದ್ದ, 7 ಮೀಟರ್ ಅಗಲದ ಈ ದೋಣಿ 75 ಪ್ರಯಾಣಿಕರನ್ನು ಕೇವಲ 20 ಕಿಲೋವ್ಯಾಟ್‌ನ ಎರಡು ಮೋಟಾರುಗಳಿಂದ ಸಾಗಿಸುತ್ತದೆ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ಜಲ ಮೆಟ್ರೋದ ದೋಣಿಗಳೂ ಜೋಡಿ ಒಡಲಿನವೇ. ಅವೆರಡೂ ಒಳನಾಡಿನ ಆಶ್ರಿತ ನೀರಿನಲ್ಲಿ ಮಾತ್ರ ಸಂಚರಿಸುತ್ತವೆ ಎಂಬುದನ್ನು ಅರ್ಜಿದಾರರು ವಿಶೇಷವಾಗಿ ಗಮನಿಸತಕ್ಕದ್ದು.

ನೀರಿನ ಆಯ್ಕೆ: ಹಿನ್ನೀರೋ, ಅಳಿವೆಯೋ

ಮರವಂತೆಯಲ್ಲಿ ಸೌಪರ್ಣಿಕಾ ನದಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಅಗಲವಷ್ಟೇ ಅಂತರ. ಆದರೂ ನದಿ ಅಲ್ಲಿ ಕಡಲನ್ನು ಸೇರದೆ ತಿರುಗಿ, ಸುಮಾರು 10 ಕಿಲೋಮೀಟರ್ ಹರಿದು ಗಂಗೊಳ್ಳಿಯಲ್ಲಿ ಸೇರುತ್ತದೆ. ಹೆದ್ದಾರಿಯ ಮೇಲೆ ನಿಂತವರಿಗೆ ಎರಡೂ ಒಂದೇ ನೀರಿನಂತೆ ತೋರಿದರೂ ದೋಣಿಯ ಲೆಕ್ಕದಲ್ಲಿ ಅವು ಬೇರೆ ಬೇರೆ ಲೋಕಗಳು. ಪೂರ್ವದ ಬದಿಯಲ್ಲಿ ಅಂಗೈ ಎತ್ತರದ ಅಲೆಯಿರುವ ದಿನವೇ ಪಶ್ಚಿಮದ ಬದಿಯಲ್ಲಿ ಆಳೆತ್ತರದ ಅಲೆ ಒಡೆಯುತ್ತಿರಬಹುದು.

ಇವೆರಡರ ನಡುವಿನ ಬಾಗಿಲೇ ಅಳಿವೆ. ಅಪಾಯವಿರುವುದು ಬಹುಮಟ್ಟಿಗೆ ಅಲ್ಲಿಯೇ. ಇಳಿತದ ನೀರು ಹೊರಕ್ಕೆ ನುಗ್ಗುವಾಗ ಎದುರಿನಿಂದ ಬರುವ ಕಡಲಿನ ಅಲೆಯು ಮರಳುದಿಬ್ಬದ ಮೇಲೆ ಕಡಿದಾಗಿ ಎದ್ದು ಮುರಿಯುತ್ತದೆ. 2020ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನ ಕೊಡೇರಿಯಲ್ಲಿ ನಾಡದೋಣಿಯೊಂದು ದುರಂತಕ್ಕೀಡಾಗಿ ನಾಲ್ವರು ಮೀನುಗಾರರು ಮೃತಪಟ್ಟರು. 2025ರ ಜುಲೈನಲ್ಲಿ ಗಂಗೊಳ್ಳಿಯ ಬಳಿ ದೋಣಿ ಮಗುಚಿ ಮೂವರು ಮೀನುಗಾರರು ಪ್ರಾಣ ಕಳೆದುಕೊಂಡರು. ಅವರೆಲ್ಲರೂ ಆ ನೀರನ್ನು ಬಾಲ್ಯದಿಂದ ಬಲ್ಲವರು. ಬಲ್ಲವರಿಗೇ ಹೀಗಾಗುವ ಕಡೆ, ಹವ್ಯಾಸಕ್ಕಾಗಿ ಅಂಗಳದಲ್ಲಿ ಕಟ್ಟಿದ 16 ಅಡಿಯ ದೋಣಿಗೆ ಕೆಲಸವಿಲ್ಲ.

ಜೋಡಿ ಒಡಲಿನ ದೋಣಿಯು ಸುಲಭವಾಗಿ ವಾಲುವುದಿಲ್ಲವೆಂಬ ಕಾರಣದಿಂದ ಅದು ಸಮುದ್ರಕ್ಕೂ ಸುರಕ್ಷಿತ ಎಂಬ ಭಾವನೆ ಕೆಲವರಲ್ಲಿದೆ. ಈ ಭಾವನೆ ತಪ್ಪು. ಒಂಟಿ ಒಡಲಿನ ದೋಣಿ ಬೇಗ ವಾಲಿದರೂ ವಾಲುತ್ತಿರುವುದನ್ನು ಮುಂಚಿತವಾಗಿ ತಿಳಿಸುತ್ತದೆ. ಜೋಡಿ ದೋಣಿಯಲ್ಲಿ ಒಂದು ಒಡಲು ನೀರಿನಿಂದ ಮೇಲೇಳುವವರೆಗೂ ಎಲ್ಲವೂ ಸರಿಯಿರುವಂತೆ ತೋರಿ, ಅನಂತರ ಅದನ್ನು ತಡೆಯುವ ಬಲವು ಒಮ್ಮೆಲೇ ಕುಗ್ಗುತ್ತದೆ. ಮಗುಚಿದ ಮೇಲೆ ಅಂಗಾತ ತೇಲುತ್ತಲೇ ಇರುತ್ತದೆ, ತಾನಾಗಿ ನೆಟ್ಟಗಾಗುವುದಿಲ್ಲ. ಆದುದರಿಂದ ಈ ಪುಟದ ಎಲ್ಲ ಲೆಕ್ಕಗಳೂ ಅಳಿವೆಯ ಒಳಗಿನ ಹಿನ್ನೀರಿಗೆ ಮಾತ್ರ ಅನ್ವಯಿಸುತ್ತವೆ.

ಹಿನ್ನೀರಿನಲ್ಲಿಯೂ ಬಳಸುವ ಮಾರ್ಗವನ್ನು ಒಮ್ಮೆ ಭರತದಲ್ಲಿ, ಒಮ್ಮೆ ಇಳಿತದಲ್ಲಿ ಬೇರೆಯವರ ದೋಣಿಯಲ್ಲಿ ಸಾಗಿ ನೋಡಿಕೊಳ್ಳುವುದು ಸೂಕ್ತ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚಾಗಿದ್ದು, ಇಳಿತದಲ್ಲಿ ದಿಬ್ಬ ಕಾಣುವ ಕಡೆ ಭರತದಲ್ಲಿ ಮಾತ್ರ ದಾರಿ ಇರುತ್ತದೆ. ಇದಕ್ಕೆ ವಿರುದ್ಧವಾಗಿ, ಚಪ್ಪರವಿರುವ ದೋಣಿಗೆ ತಗ್ಗಾದ ಸೇತುವೆಯ ಕೆಳಗೆ ಭರತದಲ್ಲಿಯೇ ತಲೆ ತಾಗುತ್ತದೆ. ಮೇಲ್ಭಾಗದಲ್ಲಿ ಕಿಂಡಿ ಅಣೆಕಟ್ಟುಗಳಿಗೆ ಬೇಸಿಗೆಯಲ್ಲಿ ಹಲಗೆ ಹಾಕುವುದರಿಂದ ಅಲ್ಲಿಗೆ ದಾರಿ ಮುಗಿಯುತ್ತದೆ. ಹಲಗೆ ತೆಗೆದ ದಿನಗಳಲ್ಲಿ ಅವುಗಳ ಹತ್ತಿರ ಸುಳಿಯಬಾರದು.

ಭಾರದ ಲೆಕ್ಕ

ದೋಣಿಯು ತನ್ನ ಒಟ್ಟು ಭಾರಕ್ಕೆ ಸಮನಾದ ನೀರನ್ನು ಪಕ್ಕಕ್ಕೆ ಸರಿಸುವಷ್ಟು ಮುಳುಗುತ್ತದೆ. ವಿನ್ಯಾಸದ ಎಲ್ಲ ಅಳತೆಗಳೂ ಇದೊಂದೇ ನಿಯಮದಿಂದ ಹೊರಡುತ್ತವೆ. ಆದುದರಿಂದ ಮೊದಲು ಬರೆಯಬೇಕಾದುದು ಚಿತ್ರವನ್ನಲ್ಲ, ಭಾರದ ಪಟ್ಟಿಯನ್ನು.

ನಾಲ್ವರಿಗಾಗುವ ಒಂದು ದೋಣಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎರಡು ಒಡಲು ಮತ್ತು ಅವುಗಳನ್ನು ಜೋಡಿಸುವ ಅಟ್ಟಕ್ಕೆ 230 ಕಿಲೋಗ್ರಾಂ. ತಲಾ 75ರಂತೆ ನಾಲ್ವರಿಗೆ 300. ಬ್ಯಾಟರಿ, ಮೋಟಾರು, ತಂತಿಗಳಿಗೆ 110. ಸೌರಫಲಕ ಮತ್ತು ಚಪ್ಪರಕ್ಕೆ 80. ಲಂಗರು, ಹಗ್ಗ, ಹುಟ್ಟು, ಜೀವರಕ್ಷಕ ಜಾಕೆಟ್ ಮುಂತಾದವಕ್ಕೆ 30. ಒಟ್ಟು 750 ಕಿಲೋಗ್ರಾಂ. ಇದರಲ್ಲಿ ಜನರ ಭಾರವನ್ನು ಯಾವ ಕಾರಣಕ್ಕೂ ಕಡಿಮೆ ಹಿಡಿಯಬಾರದು. ಕುದ್ರುವಿಗೆ ಹೋಗುವ ದೋಣಿಯಲ್ಲಿ ಅಕ್ಕಿಯ ಮೂಟೆ, ಗ್ಯಾಸ್ ಸಿಲಿಂಡರ್ ಇವುಗಳೂ ಹೋಗುತ್ತವೆ ಎಂಬುದನ್ನು ಸಹ ಲೆಕ್ಕಕ್ಕೆ ಸೇರಿಸತಕ್ಕದ್ದು. ಹಾಗೆ ಹೇರಿದ ದಿನ ಒಬ್ಬರು ದಡದಲ್ಲಿ ಉಳಿಯಬೇಕಾಗುತ್ತದೆ.

ಈ ಭಾರವನ್ನು ಹೊರಲು ಒಡಲಿನ ಅಳತೆ ಎಷ್ಟಿರಬೇಕು? ನೀರಿನ ಮಟ್ಟದಲ್ಲಿ ಉದ್ದ 4.6 ಮೀಟರ್, ಪ್ರತಿ ಒಡಲಿನ ಅಗಲ 0.5 ಮೀಟರ್, ಮುಳುಗುವ ಆಳ 0.28 ಮೀಟರ್ ಎಂದಿಟ್ಟುಕೊಂಡರೆ ಇವುಗಳ ಗುಣಲಬ್ಧ 0.644 ಘನ ಮೀಟರ್. ಆದರೆ ಒಡಲು ಪೆಟ್ಟಿಗೆಯಲ್ಲ. ಮೂತಿ ಚೂಪಾಗಿ, ತಳ ಕಿರಿದಾಗಿ ಇರುವುದರಿಂದ ಸುಮಾರು 0.58ರಿಂದ ಗುಣಿಸಬೇಕು. ಆಗ ಒಂದು ಒಡಲಿಗೆ 0.373, ಎರಡಕ್ಕೂ ಸೇರಿ 0.747 ಘನ ಮೀಟರ್ ಆಗುತ್ತದೆ. ಹಿನ್ನೀರು ಸಿಹಿನೀರಿಗಿಂತ ಕೊಂಚ ಭಾರವಾದ ಕಾರಣ ಇದು ಸುಮಾರು 755 ಕಿಲೋಗ್ರಾಂ ಹೊರುತ್ತದೆ. ಭಾರದ ಪಟ್ಟಿಗೂ ಒಡಲಿಗೂ ಹೊಂದಿಕೆಯಾಯಿತು. ಮಳೆಗಾಲದಲ್ಲಿ ನೆರೆಯ ಸಿಹಿನೀರಿನಲ್ಲಿ ಇದೇ ದೋಣಿ ಕೂದಲೆಳೆಯಷ್ಟು ಹೆಚ್ಚು ಮುಳುಗುತ್ತದೆ, ಅದು ಗಣನೀಯವಲ್ಲ.

ಗಣನೀಯವಾದುದು ಬೇರೆ. ಕಿರಿದಾದ ಒಡಲುಗಳಿಗೆ ನೀರಿನ ಮಟ್ಟದಲ್ಲಿ ವಿಸ್ತೀರ್ಣ ಕಡಿಮೆ. ಮೇಲಿನ ಉದಾಹರಣೆಯಲ್ಲಿ ಅದು ಎರಡೂ ಸೇರಿ ಸುಮಾರು 3.45 ಚದರ ಮೀಟರ್. ಅಂದರೆ ಪ್ರತಿ 35 ಕಿಲೋಗ್ರಾಂ ಹೆಚ್ಚುವರಿ ಭಾರಕ್ಕೆ ದೋಣಿ 1 ಸೆಂಟಿಮೀಟರ್ ತಗ್ಗುತ್ತದೆ. ನಾಲ್ವರ ದೋಣಿಗೆ ಎಂಟು ಮಂದಿ ಹತ್ತಿದರೆ 8ರಿಂದ 9 ಸೆಂಟಿಮೀಟರ್ ಇಳಿದು, ಅಟ್ಟದ ಅಡಿಭಾಗಕ್ಕೆ ಅಲೆ ಬಡಿಯಲಾರಂಭಿಸುತ್ತದೆ. ಅಟ್ಟ ವಿಶಾಲವಾಗಿದ್ದು ಇನ್ನೂ ಜಾಗ ಕಾಣುವುದರಿಂದಲೇ ಜೋಡಿ ದೋಣಿಗೆ ಅತಿಭಾರ ಹೇರುವ ಆಸೆ ಹುಟ್ಟುತ್ತದೆ. ಜಾಗವಿದ್ದ ಮಾತ್ರಕ್ಕೆ ತೇಲುವ ಶಕ್ತಿ ಇರುವುದಿಲ್ಲ.

ಒಡಲಿನ ರಚನೆ

ಮಾರುಕಟ್ಟೆಯಲ್ಲಿ ಪ್ಲೈವುಡ್ ಹಲಗೆ 8 ಅಡಿ ಉದ್ದ, 4 ಅಡಿ ಅಗಲದಲ್ಲಿ ದೊರೆಯುತ್ತದೆ. ಎರಡು ಹಲಗೆಗಳನ್ನು ಓರೆಯಾಗಿ ಕೆತ್ತಿ ಒಂದರ ಮೇಲೊಂದು ಅಂಟಿಸಿದರೆ, ದಪ್ಪದ 8 ಪಟ್ಟು ಕೂಡುವಿಕೆಯಲ್ಲಿ ಕಳೆದು ಸುಮಾರು 4.83 ಮೀಟರ್ ಉಳಿಯುತ್ತದೆ. ದೋಣಿ 5 ಮೀಟರ್ ಇರಲಿ ಎಂದು ನಿರ್ಧರಿಸಿದವರು ಕೊನೆಯ ಒಂದು ಗೇಣಿಗಾಗಿ ಪ್ರತಿ ಬದಿಗೂ ಮೂರನೆಯ ಹಲಗೆಯನ್ನು ಕತ್ತರಿಸಬೇಕಾಗುತ್ತದೆ. 4.8 ಮೀಟರ್‌ಗೆ ತೃಪ್ತರಾಗುವುದು ಜಾಣತನ. ಹಲಗೆಯು ಭಾರತೀಯ ಮಾನಕ 710ರ ಮೆರೈನ್ ಪ್ಲೈವುಡ್ ಆಗಿರತಕ್ಕದ್ದು. ಮನೆಯ ಕಪಾಟಿಗೆ ಬಳಸುವ ಹಲಗೆಯ ಅಂಟು ಉಪ್ಪುನೀರಿನಲ್ಲಿ ಪದರ ಪದರವಾಗಿ ಬಿಡುತ್ತದೆ. ಫೈಬರ್ ಹೊದಿಸಿದರೂ ಒಂದು ತೂತಿನಿಂದ ನೀರು ಹೊಕ್ಕರೆ ಸಾಕು, ಹೊರಗೆ ಚೆನ್ನಾಗಿ ಕಾಣುತ್ತಲೇ ಒಳಗೆ ಕೊಳೆಯುತ್ತದೆ. ಬದಿಗಳಿಗೆ 6 ಮಿಲಿಮೀಟರ್, ತಳಕ್ಕೆ 9 ಮಿಲಿಮೀಟರ್ ದಪ್ಪ ಸಾಮಾನ್ಯವಾಗಿ ಸಾಕಾಗುತ್ತದೆ. ತಳ ಮರಳಿಗೆ ಉಜ್ಜುವ ಕಡೆ ಹೆಬ್ಬಲಸಿನ ಪಟ್ಟಿಯನ್ನು ಕೊಡುವುದು ಒಳ್ಳೆಯದು. ಫೈಬರ್ ಕೆಲಸವನ್ನು ಮಳೆಗಾಲ ಮುಗಿದು ಹವೆ ಒಣಗಿದ ನಂತರ ಕೈಗೊಳ್ಳಬೇಕು. ತೇವ ಹಿಡಿದ ಮರದ ಮೇಲೆ ಎಪಾಕ್ಸಿ ಸರಿಯಾಗಿ ಕೂರುವುದಿಲ್ಲ.

ಒಡಲು ಎಷ್ಟು ನೀಳವಾಗಿರುತ್ತದೋ ಅಷ್ಟು ಕಡಿಮೆ ಅಲೆಯನ್ನೆಬ್ಬಿಸಿ ಸಾಗುತ್ತದೆ. ಉದ್ದವು ಅಗಲದ 9 ಪಟ್ಟಿಗೆ ಕಡಿಮೆಯಿಲ್ಲದಂತೆ ನೋಡಿಕೊಳ್ಳಬೇಕು. ಎರಡು ಒಡಲುಗಳ ನಡುಗೆರೆಗಳ ಅಂತರ 1.5 ಮೀಟರ್, ಒಟ್ಟು ಅಗಲ 2 ಮೀಟರ್ ಇದ್ದರೆ, ನಾಲ್ವರೂ ಒಂದೇ ಬದಿಗೆ ಸರಿದಾಗ ಆ ಬದಿ ಸುಮಾರು 10 ಸೆಂಟಿಮೀಟರ್ ಮಾತ್ರ ತಗ್ಗುತ್ತದೆ. ಇಷ್ಟೇ ಭಾರದ, 1.2 ಮೀಟರ್ ಅಗಲದ ಒಂಟಿ ದೋಣಿಯಲ್ಲಿ ಅದೇ ಕೃತ್ಯ ದೋಣಿಯನ್ನೇ ಮಗುಚಬಲ್ಲದು. ಅಂತರವನ್ನು ಇನ್ನಷ್ಟು ಹೆಚ್ಚಿಸಿದರೆ ಅಡ್ಡತೊಲೆಗಳ ಮೇಲೆ ತಿರುಚುವ ಬಲ ಹೆಚ್ಚುತ್ತದೆ. ಒಂದು ಒಡಲು ಅಲೆಯ ಮೇಲಿದ್ದು ಇನ್ನೊಂದು ತಗ್ಗಿನಲ್ಲಿರುವಾಗ ಮುರಿಯುವುದು ಒಡಲಲ್ಲ, ತೊಲೆ ಒಡಲನ್ನು ಸೇರುವ ಜಾಗ. ಅಲ್ಲಿ ಮೊಳೆಯನ್ನು ನಂಬದೆ, ತೊಲೆಯನ್ನು ಒಡಲಿನ ಅಡ್ಡಗೋಡೆಗೇ ಸ್ಟೇನ್‌ಲೆಸ್ ಬೋಲ್ಟುಗಳಿಂದ ಬಿಗಿಯಬೇಕು. ಪೂರ್ಣ ಭಾರ ಹೇರಿದಾಗ ಅಟ್ಟದ ಅಡಿಗೂ ನೀರಿಗೂ ಕನಿಷ್ಠ 35 ಸೆಂಟಿಮೀಟರ್ ಅಂತರ ಇರಲಿ.

ಪ್ರತಿ ಒಡಲನ್ನು ನೀರು ತೂರದ ಎರಡು ಅಡ್ಡಗೋಡೆಗಳಿಂದ ಮೂರು ಕೋಣೆಗಳಾಗಿ ವಿಭಜಿಸತಕ್ಕದ್ದು. ಒಂದು ಇಡೀ ಒಡಲು ನೀರು ತುಂಬಿಕೊಂಡರೆ ಜೋಡಿ ದೋಣಿ ಆ ಬದಿಗೆ ಮಗುಚುವುದು ಖಚಿತ. ಒಂದು ಕೋಣೆ ಮಾತ್ರ ತುಂಬಿದರೆ ಮನೆಗೆ ತಲುಪಬಹುದು. ಕೋಣೆಗಳಲ್ಲಿ ತೇಲುವ ಫೋಮ್ ತುಂಬುವುದು ವಿಹಿತ. ಖಾಲಿ ನೀರಿನ ಬಾಟಲಿಗಳನ್ನು ತುರುಕುವ ರೂಢಿ ಕೆಲವೆಡೆ ಇದ್ದು, ಅವು ಬಿಸಿಲಿಗೆ ಸೀಳುವುದರಿಂದ ತೇಲುವ ಶಕ್ತಿಯ ಲೆಕ್ಕಕ್ಕೆ ಅವನ್ನು ಸೇರಿಸಬಾರದು.

ಚಾಲನಾ ಶಕ್ತಿ

ಎಷ್ಟು ಅಶ್ವಶಕ್ತಿ ಬೇಕು ಎಂಬ ಪ್ರಶ್ನೆಗೆ ಉತ್ತರವು ಎಷ್ಟು ವೇಗ ಬೇಕು ಎಂಬುದರಲ್ಲಿದೆ. ಮೇಲಿನ 750 ಕಿಲೋಗ್ರಾಂ ದೋಣಿಯನ್ನು ಶಾಂತ ನೀರಿನಲ್ಲಿ 4 ನಾಟ್, ಅಂದರೆ ಗಂಟೆಗೆ 7.4 ಕಿಲೋಮೀಟರ್ ವೇಗದಲ್ಲಿ ಸಾಗಿಸಲು ಅಂದಾಜು ಮುಕ್ಕಾಲು ಕಿಲೋವ್ಯಾಟ್ ಸಾಕು. 5 ನಾಟ್‌ಗೆ ಅದರ ಎರಡರಷ್ಟು, ಒಂದೂವರೆ ಕಿಲೋವ್ಯಾಟ್ ಬೇಕಾಗುತ್ತದೆ. ವೇಗ ಕಾಲುಭಾಗ ಹೆಚ್ಚಿದರೆ ಶಕ್ತಿ ಇಮ್ಮಡಿಯಾಗುತ್ತದೆ. ಹೀಗೆ ಮುಂದುವರಿದಂತೆ ಪ್ರತಿ ನಾಟ್‌ಗೂ ಬೆಲೆ ಏರುತ್ತಲೇ ಹೋಗುತ್ತದೆ. ಕುದ್ರುವಿನ ದಾರಿ 2 ಕಿಲೋಮೀಟರ್ ಇದ್ದಲ್ಲಿ 4 ಮತ್ತು 5 ನಾಟ್‌ಗಳ ನಡುವಿನ ವ್ಯತ್ಯಾಸ 4 ನಿಮಿಷವೂ ಅಲ್ಲ.

ವಿದ್ಯುತ್ ಚಾಲನೆಯನ್ನು ಆರಿಸುವವರಿಗೆ 51.2 ವೋಲ್ಟ್, 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಉದಾಹರಣೆಯಾಗಿ ಸಾಕು. ಅದರಲ್ಲಿ 5.1 ಕಿಲೋವ್ಯಾಟ್-ಗಂಟೆ ಶಕ್ತಿ ಇದ್ದು, ಶೇ. 80ರಷ್ಟನ್ನು ಮಾತ್ರ ಬಳಸುವುದು ಕ್ಷೇಮ. ಅಂದರೆ 5 ನಾಟ್‌ನಲ್ಲಿ 2 ಗಂಟೆ 40 ನಿಮಿಷ, 4 ನಾಟ್‌ನಲ್ಲಿ ಸುಮಾರು ಐದೂವರೆ ಗಂಟೆ. ಇವು ನಿಂತ ನೀರಿನ ಲೆಕ್ಕಗಳು. 2 ನಾಟ್ ಇಳಿತದ ಎದುರು 5 ನಾಟ್‌ನ ದೋಣಿ ದಡದ ಲೆಕ್ಕದಲ್ಲಿ 3 ನಾಟ್ ಮಾತ್ರ ಸಾಗುತ್ತದೆ. 40 ನಿಮಿಷದ ದಾರಿಗೆ ಒಂದು ಗಂಟೆ ಮೀರುತ್ತದೆ. 4 ನಾಟ್‌ನ ದೋಣಿಯ ವೇಗ ಅರ್ಧಕ್ಕಿಳಿಯುತ್ತದೆ. ಆದ ಕಾರಣ ಬಳಕೆಯ ವೇಗಕ್ಕೆ ಬೇಕಾದುದಕ್ಕಿಂತ ಇಮ್ಮಡಿ ಶಕ್ತಿಯನ್ನು ಮೋಟಾರಿನಲ್ಲಿಟ್ಟು, ಪ್ರತಿದಿನ ಅರ್ಧವನ್ನಷ್ಟೇ ಬಳಸುವುದು ಸರಿಯಾದ ಕ್ರಮ. ಮೋಟಾರು ಮಿತಿಯಲ್ಲಿಯೇ ದುಡಿಯುತ್ತಿದ್ದರೆ ಗಾಳಿ ಎದ್ದ ದಿನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

5 ಚದರ ಮೀಟರ್ ಸೌರಫಲಕದಿಂದ ಬೇಸಿಗೆಯ ನಿರ್ಮಲ ದಿನದಲ್ಲಿ ಸುಮಾರು 4 ಕಿಲೋವ್ಯಾಟ್-ಗಂಟೆ ದೊರೆಯಬಹುದು. ಆಷಾಢದಲ್ಲಿ ಆ ಭರವಸೆ ಇಲ್ಲ. ಜೊತೆಗೆ, ಎತ್ತರದಲ್ಲಿರುವ ಫಲಕವು ಗಾಳಿಗೆ ಹಾಯಿಯಂತೆ ವರ್ತಿಸುತ್ತದೆ. ಬ್ಯಾಟರಿಯನ್ನು ತಳಕ್ಕೆ ತಾಗದಂತೆ, ಒಡಲಿನ ನಡುಭಾಗದಲ್ಲಿ ಬಿಗಿಯಬೇಕು; ಮೋಟಾರಿನ ಭಾರ ಹಿಂಬದಿಯಲ್ಲಿರುವ ಕಾರಣ ಬ್ಯಾಟರಿಯೂ ಅಲ್ಲಿಯೇ ಕುಳಿತರೆ ಮೂತಿ ಎದ್ದು ನಿಲ್ಲುತ್ತದೆ. ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್, ಕೈಗೆಟಕುವಲ್ಲಿ ಸಂಪರ್ಕ ಕಡಿತದ ಸ್ವಿಚ್ ಕಡ್ಡಾಯವಾಗಿ ಇರತಕ್ಕದ್ದು. 48 ವೋಲ್ಟ್ ಮುಟ್ಟಿದರೆ ಆಘಾತ ಕಡಿಮೆಯಾದರೂ, ತಂತಿ ತಗುಲಿದರೆ ಹರಿಯುವ ವಿದ್ಯುತ್ತು ಸ್ಪಾನರನ್ನು ಕೆಂಪಗೆ ಕಾಯಿಸಬಲ್ಲದು.

ಎರಡು ಒಡಲಿಗೂ ಒಂದೊಂದು ಸಣ್ಣ ಮೋಟಾರು ಅಳವಡಿಸಿದಲ್ಲಿ ಒಂದು ಕೆಟ್ಟರೂ ಮರಳಬಹುದು, ಚುಕ್ಕಾಣಿಯಿಲ್ಲದೆಯೂ ತಿರುಗಿಸಬಹುದು. ಪೆಟ್ರೋಲಿನ ಒಂದೇ ಔಟ್‌ಬೋರ್ಡ್ ಎಂಜಿನ್ ಆದಲ್ಲಿ ಅದನ್ನು ಅಟ್ಟದ ನಡುವೆ ಹಿಂಬದಿಗೆ ಕೂರಿಸಬೇಕಾಗುತ್ತದೆ. ಅಟ್ಟ ಎತ್ತರವಿರುವುದರಿಂದ ಉದ್ದ ಶಾಫ್ಟಿನ ಎಂಜಿನ್ನೇ ಬೇಕು. ಇಲ್ಲವಾದಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು, ಎಂಜಿನ್ ಅರಚುತ್ತದೆ, ದೋಣಿ ನಿಂತಲ್ಲೇ ನಿಲ್ಲುತ್ತದೆ. ಹಗುರ ವೇಗದೋಣಿಗೆಂದು ಬರುವ ಪ್ರೊಪೆಲ್ಲರಿನ ಬದಲು ಕಡಿಮೆ ಪಿಚ್ಚಿನದನ್ನು ಹಾಕಿಸುವುದು ಸೂಕ್ತ. ಪೆಟ್ರೋಲ್ ತೊಟ್ಟಿಯನ್ನು ಯಾವ ಕಾರಣಕ್ಕೂ ಮುಚ್ಚಿದ ಒಡಲಿನ ಒಳಗೆ ಇಡಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ತಳದಲ್ಲಿ ಶೇಖರವಾಗುತ್ತದೆ. ಒಂದು ಕಿಡಿಗೆ ಒಡಲೇ ಸಿಡಿಯುತ್ತದೆ. ತೊಟ್ಟಿಯ ಜಾಗ ತೆರೆದ ಅಟ್ಟದ ಮೇಲೆ. ಯಾವ ಚಾಲನೆಯೇ ಇರಲಿ, ಎರಡು ಹುಟ್ಟು, ಒಂದು ಗಳ ಮತ್ತು ಹಗ್ಗ ಸಹಿತ ಲಂಗರು ದೋಣಿಯಲ್ಲಿರಬೇಕು.

ಹಿನ್ನೀರಿನಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವವರು, ಬಲೆ ಬಿಟ್ಟವರು, ಪಂಜರಗಳಲ್ಲಿ ಮೀನು ಸಾಕುವವರು ಇರುತ್ತಾರೆ. ಪ್ರೊಪೆಲ್ಲರಿಗೆ ಸುತ್ತು ಕಾವಲು ಅಳವಡಿಸುವುದು ಅವರ ರಕ್ಷಣೆಗೂ ಬಲೆಯ ರಕ್ಷಣೆಗೂ ಅಗತ್ಯ.

ಅನುಮತಿ ಮತ್ತು ನೋಂದಣಿ

1917ರ ಕಾಯಿದೆಯ ಸ್ಥಾನದಲ್ಲಿ ಒಳನಾಡು ಹಡಗುಗಳ ಅಧಿನಿಯಮ, 2021 ರೂಪುಗೊಂಡು 2022ರಲ್ಲಿ ಜಾರಿಗೆ ಬಂದಿರುತ್ತದೆ. ಸದರಿ ಅಧಿನಿಯಮದಂತೆ ಯಂತ್ರಚಾಲಿತ ಒಳನಾಡು ದೋಣಿಗೆ ತಪಾಸಣಾ ಪ್ರಮಾಣಪತ್ರ, ನೋಂದಣಿ ಹಾಗೂ ವಿಮೆ ಅಗತ್ಯ. ಅಲೆಯ ಎತ್ತರವನ್ನು ಆಧರಿಸಿ ನೀರನ್ನು ವಲಯಗಳಾಗಿ ವಿಂಗಡಿಸಲಾಗಿದ್ದು, ದೋಣಿಯು ತನಗೆ ಅನುಮತಿ ದೊರೆತ ವಲಯದಲ್ಲಿ ಮಾತ್ರ ಸಂಚರಿಸತಕ್ಕದ್ದು. ಹುಟ್ಟು ಅಥವಾ ಗಳದಿಂದ ಸಾಗುವ ದೋಣಿಗಳ ದಾಖಲಾತಿಯನ್ನು ಸ್ಥಳೀಯ ಮಟ್ಟದಲ್ಲಿ ನಡೆಸಲು ಅಧಿನಿಯಮದಲ್ಲಿ ಪ್ರತ್ಯೇಕ ಅವಕಾಶವಿದೆ. ಹೊಗೆ ಬಿಡದ ವಿದ್ಯುತ್ ಮೋಟಾರಿಗೆ ನೋಂದಣಿ ಬೇಕಿಲ್ಲ ಎಂಬ ತಿಳಿವಳಿಕೆ ಸರಿಯಲ್ಲ. ವಿದ್ಯುತ್ ಮೋಟಾರೂ ಯಂತ್ರವೇ.

ಇನ್ನೊಂದು ಗೊಂದಲ 10 ಅಶ್ವಶಕ್ತಿಯದು. ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಿಂದ 10 ಅಶ್ವಶಕ್ತಿಯವರೆಗಿನ ಮೋಟಾರು ಅಳವಡಿಸಿದ ನಾಡದೋಣಿಗಳಿಗೆ ವಿನಾಯಿತಿ ಇದೆ. ಈ ವಿನಾಯಿತಿ ಮೀನು ಹಿಡಿಯುವುದಕ್ಕೆ ಸಂಬಂಧಿಸಿದ್ದೇ ಹೊರತು ನೋಂದಣಿಗಾಗಲೀ ಸುರಕ್ಷತೆಗಾಗಲೀ ಸಂಬಂಧಿಸಿದ್ದಲ್ಲ. ಸಮುದ್ರದಲ್ಲಿ ಮೀನುಗಾರಿಕೆಗೆ ದೋಣಿ ಬಳಸುವವರು ಕರ್ನಾಟಕ ಕಡಲ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986ರ ಮೇರೆಗೆ ಮೀನುಗಾರಿಕೆ ಇಲಾಖೆಯನ್ನು ಪ್ರತ್ಯೇಕವಾಗಿ ಸಂಪರ್ಕಿಸತಕ್ಕದ್ದು. ಪ್ರವಾಸಿಗರನ್ನು ಬಾಡಿಗೆಗೆ ಕರೆದೊಯ್ಯುವ ಉದ್ದೇಶವಿದ್ದಲ್ಲಿ ಅದನ್ನು ಅರ್ಜಿಯಲ್ಲಿಯೇ ಸ್ಪಷ್ಟವಾಗಿ ನಮೂದಿಸಬೇಕು. ಸ್ವಂತ ಬಳಕೆಗೆಂದು ನೋಂದಾಯಿಸಿ, ರಜಾದಿನಗಳಲ್ಲಿ ಜನರನ್ನು ತುಂಬಿಸಿಕೊಂಡು ಹೋಗುವುದು ನೋಂದಣಿಯ ಷರತ್ತಿಗೆ ವಿರುದ್ಧ.

ಯಂತ್ರಚಾಲಿತ ದೋಣಿಯ ನಿರ್ಮಾಣಕ್ಕೆ ಮತ್ತು ಅದರ ರಚನೆಯ ಬದಲಾವಣೆಗೆ ವಿನ್ಯಾಸದ ಪೂರ್ವಾನುಮೋದನೆ ಪಡೆಯಬೇಕಾಗಿರುವುದರಿಂದ, ಪ್ಲೈವುಡ್ ಕತ್ತರಿಸುವ ಮೊದಲೇ ವ್ಯಾಪ್ತಿಯ ಬಂದರು ಕಚೇರಿಯನ್ನು ಭೇಟಿ ಮಾಡತಕ್ಕದ್ದು. ಕುಂದಾಪುರ (ಗಂಗೊಳ್ಳಿ) ಮತ್ತು ಹಂಗಾರಕಟ್ಟೆ ಎರಡೂ ರಾಜ್ಯದ ಅಧಿಸೂಚಿತ ಬಂದರುಗಳಾಗಿವೆ. ಭೇಟಿಯ ವೇಳೆ ಭಾರದ ಪಟ್ಟಿ, ಮೂರು ಬದಿಗಳ ಅಳತೆಯ ನಕ್ಷೆ, ಅಡ್ಡಗೋಡೆ ಮತ್ತು ತೊಲೆಗಳ ವಿವರ, ಮೋಟಾರು ಅಥವಾ ಎಂಜಿನ್ನಿನ ವಿವರ, ಸಂಚರಿಸಲಿರುವ ಮಾರ್ಗದ ಕೈನಕ್ಷೆ ಇವುಗಳನ್ನು ಒಯ್ಯುವುದು ಉಪಯುಕ್ತ. ಪ್ಲೈವುಡ್, ಎಪಾಕ್ಸಿ, ಮೋಟಾರುಗಳ ಖರೀದಿ ಬಿಲ್ಲುಗಳನ್ನು ಜೋಪಾನವಾಗಿಟ್ಟು, ನಿರ್ಮಾಣದ ಪ್ರತಿ ಹಂತದ ಛಾಯಾಚಿತ್ರ ತೆಗೆದಿರಿಸಬೇಕು. ಫೈಬರ್ ಹೊದಿಸಿದ ಮೇಲೆ ಒಳಗಿನ ಅಡ್ಡಗೋಡೆ ಯಾರ ಕಣ್ಣಿಗೂ ಕಾಣುವುದಿಲ್ಲ. ಶುಲ್ಕಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಟ್ಟಿರುವುದರಿಂದ ಅರ್ಜಿ ಸಲ್ಲಿಸುವ ದಿನ ಕಚೇರಿಯಲ್ಲಿಯೇ ಖಚಿತಪಡಿಸಿಕೊಳ್ಳಬೇಕು. ಮಧ್ಯವರ್ತಿಗಳ ಅಗತ್ಯವಿರುವುದಿಲ್ಲ.

ಪರೀಕ್ಷೆ

ತಪಾಸಣೆಗೆ ಮುನ್ನ ನಿರ್ಮಾಪಕರು ತಾವೇ ನಡೆಸಬಹುದಾದ ಪರೀಕ್ಷೆ ಸರಳವಾದುದು. ದಡದ ಹತ್ತಿರ, ಎದೆಮಟ್ಟ ಮೀರದ ನೀರಿನಲ್ಲಿ, ಎಲ್ಲ ಉಪಕರಣಗಳನ್ನಿಟ್ಟು ಜನರಿಲ್ಲದೆ ದೋಣಿಯನ್ನು ತೇಲಿಸಿ ನಾಲ್ಕೂ ಮೂಲೆಗಳಲ್ಲಿ ನೀರಿನ ಮಟ್ಟವನ್ನು ಪೆನ್ಸಿಲಿನಿಂದ ಗುರುತಿಸಬೇಕು. ನಂತರ ತಲಾ 25 ಕಿಲೋಗ್ರಾಂ ಮರಳಿನ 12 ಚೀಲಗಳನ್ನು ಸಮನಾಗಿ ಹೇರಿ ಮತ್ತೆ ಗುರುತಿಸಬೇಕು. ಉದಾಹರಣೆಯ ದೋಣಿ ಇದರಿಂದ 8ರಿಂದ 9 ಸೆಂಟಿಮೀಟರ್ ತಗ್ಗಬೇಕು. ಹೆಚ್ಚು ತಗ್ಗಿದಲ್ಲಿ ಒಡಲು ನಕ್ಷೆಗಿಂತ ಕಿರಿದಾಗಿದೆ ಎಂದರ್ಥ. ಬಳಿಕ ಎಲ್ಲ ಚೀಲಗಳನ್ನು ಒಂದೇ ಬದಿಗೆ ಸರಿಸಿ, ಎದುರು ಬದಿಯ ಒಡಲು ಇನ್ನೂ ಚೆನ್ನಾಗಿ ನೀರಿನಲ್ಲಿದೆಯೇ ಎಂದು ಪರಿಶೀಲಿಸಬೇಕು. ಕೊನೆಯಲ್ಲಿ ಚೀಲಗಳನ್ನು ಇಳಿಸಿ, ಒಂದು ಕೋಣೆಗೆ ನೀರು ತುಂಬಿ ನೋಡತಕ್ಕದ್ದು. ಮನಸ್ಸಿಗೆ ಒಪ್ಪದ ಕೆಲಸವಾದರೂ, ಅಂಗಳದಲ್ಲಿ ತಿಂಗಳುಗಟ್ಟಲೆ ದುಡಿದವರು ಅಡ್ಡಗೋಡೆಯ ಸೋರಿಕೆಯನ್ನು ಕಂಡುಕೊಳ್ಳುವುದು ಆ ದಿನವೇ. ನೀರಿನಲ್ಲಿರುವವರೆಲ್ಲರೂ ಜೀವರಕ್ಷಕ ಜಾಕೆಟ್ ಧರಿಸಿರತಕ್ಕದ್ದು.

ಸಂಚಾರಕ್ಕೆ ಹೊರಡುವ ಮುನ್ನ ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆಯು ಪ್ರಕಟಿಸುವ ಅಲೆ ಮುನ್ಸೂಚನೆಯನ್ನೂ, ಹವಾಮಾನ ಇಲಾಖೆಯ ಎಚ್ಚರಿಕೆಯನ್ನೂ ನೋಡಿಕೊಳ್ಳಬೇಕು. ತುರ್ತು ಸಂದರ್ಭದಲ್ಲಿ 112, ಸಮುದ್ರದಲ್ಲಿ ಅವಘಡವಾದಲ್ಲಿ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆ ಮಾಡಬಹುದು. ನೋಂದಣಿ ಸಂಖ್ಯೆ ದೊರೆತ ನಂತರ ಅದನ್ನು, ಅನುಮತಿಸಲಾದ ಗರಿಷ್ಠ ಜನಸಂಖ್ಯೆಯೊಂದಿಗೆ, ದಡದಿಂದ ಓದಲಾಗುವಷ್ಟು ದೊಡ್ಡ ಅಕ್ಷರಗಳಲ್ಲಿ ಎರಡೂ ಒಡಲುಗಳ ಹೊರಬದಿಯಲ್ಲಿ ಬರೆಸತಕ್ಕದ್ದು.